ಕನ್ನಡಿಯಲ್ಲಿ ಕಂಡ ಎಡಗಣ್ಣು

ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಶನಿವಾರ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು

ಪ್ರೀತಿಯ ಇವಳೇ,

ಮದುವೆಯಾದಾಗಿನಿಂದ ನಿನ್ನನ್ನು "ಇವಳೇ" ಎಂದೇ ಕರೆದವನು ಕಾಗದದಲ್ಲಿ ಮಾತ್ರ ಹೆಸರು ಹಿಡಿದು ಬರೆದರೆ ಯಾರದೋ ಹೆಂಡತಿಗೆ ಬರೆದ ಹಾಗಾಗುತ್ತದೆ. ಹೇಗಿದ್ದೀಯ? ಸೊಂಟದ ನೋವು ಹೇಗಿದೆ? ಮಗುವನ್ನು ಎತ್ತಿಕೊಂಡು ಗಂಟೆಗಟ್ಟಲೆ ನಿಲ್ಲಬೇಡ, ಕೂತು ಆಡಿಸು. ಮಗಳು ಹೊಟ್ಟೆ ತುಂಬ ಊಟ ಮಾಡುತ್ತಾಳೆಯೇ? ಮೊಮ್ಮಗನ ತಲೆಯಲ್ಲಿ ಒಂದು ಕೂದಲೂ ಇಲ್ಲ, ಥೇಟ್ ಅಜ್ಜನೇ ಎಂದು ಬರೆದಿದ್ದೀಯ. ಅಜ್ಜನಾಗಿ ಹಿಗ್ಗಿದೆ, ಕ್ಷೌರಿಕನಾಗಿ ಸ್ವಲ್ಪ ಬೇಸರವಾಯಿತು. ಬೀಗಿತ್ತಿಯವರೂ ಬಂದಿಳಿದರು ಎಂದು ತಿಳಿಯಿತು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಅಜ್ಜಿಯರು! ನನಗೆ ಮಗುವಿನ ಚಿಂತೆಯಿಲ್ಲ, ಅಳಿಯಂದಿರದ್ದೇ ಚಿಂತೆ.

ಇಲ್ಲಿ ನಾನು ಕ್ಷೇಮ. ತಂಗಿಯೂ ಕ್ಷೇಮ ಎಂದು ಬರೆಯಬಹುದಿತ್ತು, ಆದರೆ ಅವಳ ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಊತವಿದೆ, ಮೊಣಕಾಲಿನಲ್ಲಿ ಅದರ ತಮ್ಮನಂಥದು ಇನ್ನೊಂದು. ಗಾಬರಿಯಾಗಬೇಡ. ಒಂದನ್ನು ಕೊಟ್ಟದ್ದು ಬಾಗಿಲು, ಇನ್ನೊಂದನ್ನು ಕೊಟ್ಟದ್ದು ನೀರಿನ ಬಕೆಟ್ಟು. ಅವೆರಡಕ್ಕೂ ಮೊದಲು ಒಬ್ಬರು ಪ್ರವಾದಿ ಇದ್ದಾರೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಅವಳ ಬಲಗಣ್ಣಿನ ಪೊರೆ ನೀನಿದ್ದಾಗಲೇ ಬಲಿತಿತ್ತಲ್ಲ, ಆಸ್ಪತ್ರೆಯವರು ಇದೇ ತಿಂಗಳ ಇಪ್ಪತ್ತಾರು, ಗುರುವಾರ, ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಇನ್ನೂ ಮುಂದೂಡಿದರೆ ಆ ಕಣ್ಣಿನ ಆಸೆ ಬಿಡಬೇಕಾದೀತು ಎಂದು ಡಾಕ್ಟರಮ್ಮ ಮುಖಕ್ಕೆ ಹೇಳಿದರು. ನೀನು ಹೋದ ಮೇಲೆ ಇವಳು ಒಂದು ಉಪಾಯ ಕಂಡುಹಿಡಿದಳು. ಮಬ್ಬುಗಣ್ಣು ಒಳ್ಳೆಯ ಕಣ್ಣಿಗೂ ಕಾಟ ಕೊಡುತ್ತದೆಂದು ಕನ್ನಡಕದ ಬಲಗಡೆಯ ಗಾಜಿಗೆ ಒಂದು ತುಂಡು ಕಾಗದ ಅಂಟಿಸಿಕೊಂಡಳು. ಅಂಗಡಿಯಲ್ಲಿ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಟವೆಲ್ ಮಡಚುವಾಗ ಅದೇ ವೇಷ. ಪ್ರಾರ್ಥನೆಯ ಸಭೆಗೆ ಹೋಗುವಾಗ ಮಾತ್ರ ನಾಚಿಕೆ. ಕನ್ನಡಕ ತೆಗೆದು ಚೀಲಕ್ಕೆ ಹಾಕಿ ನನ್ನ ತೋಳು ಹಿಡಿದು ಬರುತ್ತಾಳೆ.

ಹೀಗಿರುವಾಗ ಹೋದ ವಾರ, ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಕೋಟು, ಎದೆಯವರೆಗೆ ಗಡ್ಡ, ಮಾತು ಕಡಿಮೆ. ಅಂದು ಸಂಜೆ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಮಾತಾಡಲು ಬಂದಿರುವ ಪ್ರವಾದಿ ತಾವೇ ಎಂದರು. ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ಗಡ್ಡದ ಅಂಚು ತೀಡತೊಡಗಿದೆ. ಗಿರಾಕಿ ಸುಮ್ಮನಿದ್ದರೆ ನನ್ನ ಬಾಯಿಗೆ ಕೆರೆತ ಶುರುವಾಗುತ್ತದೆಂದು ನಿನಗೆ ಗೊತ್ತೇ ಇದೆ. ಮಗಳ ಹೆರಿಗೆ, ಮೊಮ್ಮಗನ ಬೋಳುತಲೆ, "ನಮ್ಮವಳು ಅಲ್ಲೇ ಇದ್ದಾಳೆ, ಮಗುವಿನ ಕುತ್ತಿಗೆ ನಿಲ್ಲೋ ತನಕ ಬರೋದಿಲ್ಲ ಅಂದಿದ್ದಾಳೆ, ನಾನೇ ಟೀ ಕಾಸ್ಕೋತಾ ಇದ್ದೀನಿ" ಎಂಬುದು, ತಂಗಿಗೆ ಮುಂದೆ ಆಪರೇಷನ್ ಇರುವುದು, ಎಲ್ಲವನ್ನೂ ಸುರಿದೆ. ಅವರು ಕಣ್ಣು ಮುಚ್ಚಿ "ಹೂಂ... ಹೂಂ..." ಎನ್ನುತ್ತಿದ್ದರು. ನಾನು ನಿದ್ದೆ ಎಂದುಕೊಂಡೆ. ಒಮ್ಮೊಮ್ಮೆ ಕಣ್ಣು ತೆರೆದು ಕನ್ನಡಿ ನೋಡಿಕೊಳ್ಳುತ್ತಿದ್ದರು. ನಾನು ಗಡ್ಡದ ಮೇಲಿನ ಕಾಳಜಿ ಎಂದುಕೊಂಡೆ.

ಸಂಜೆ ಮಂದಿರ ಕಿಕ್ಕಿರಿದಿತ್ತು. ಹಾಡು ಮುಗಿದ ಮೇಲೆ ಪ್ರವಾದಿಗಳು ಕಣ್ಣು ಮುಚ್ಚಿ, ಬೆರಳು ಗಾಳಿಯಲ್ಲಿ ಆಡಿಸಿ, ಸೀದಾ ನನ್ನ ಕಡೆ ತೋರಿಸಿದರು. "ಸಹೋದರಾ, ನಿನ್ನ ಮನೆಯ ದೀಪ ದೂರದಲ್ಲಿದೆ. ಒಂದು ಕೂಸು ಕಾಣುತ್ತಿದೆ. ಆ ಕೂಸಿನ ಕುತ್ತಿಗೆ ನಿಲ್ಲುವ ತನಕ ನಿನ್ನ ದೀಪ ಮರಳದು ಎಂದು ಕರ್ತನು ಹೇಳುತ್ತಾನೆ!" ಬೆಳಿಗ್ಗೆ ನಾನೇ ಹೇಳಿದ್ದನ್ನು ಸಂಜೆ ನನಗೇ ತಿರುಗಿಸಿ ಹೇಳಿದಾಗ, ಇಡೀ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದವನು ಯಾರು ಹೇಳು? ಈ ನಿನ್ನ ಬುದ್ಧಿವಂತ ಗಂಡನೇ. ಮೈ ಜುಮ್ಮೆಂದಿತು ಕಣೆ. ಇಷ್ಟು ದೂರದ ಸಂಗತಿ ಇವರಿಗೆ ಹೇಗೆ ತಿಳಿಯಿತು ಎಂದು ಪಕ್ಕದ ದರ್ಜಿಯ ಕೈ ಹಿಡಿದು ಕೇಳಿದೆ.

ಆಮೇಲೆ ಬೆರಳು ತಂಗಿಯ ಕಡೆ ಹೊರಳಿತು. "ಮಗಳೇ, ನಿನ್ನ ಎಡಗಣ್ಣಿಗೆ ಒಂದು ತೆರೆ ಬಿದ್ದಿದೆ. ಕರ್ತನೇ ಅದನ್ನು ಸರಿಸುತ್ತಾನೆ. ಮನುಷ್ಯರ ಕತ್ತಿ ನಿನ್ನ ಕಣ್ಣನ್ನು ಮುಟ್ಟಬಾರದು!" ಇವಳು ಗಳಗಳ ಅತ್ತಳು. ನಮ್ಮಲ್ಲಿ ಯಾರಾದರೂ ಎದ್ದು ಇಂಥ ಮಾತು ಹೇಳಿದರೆ ಸಭೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿರಿಯರು ಅದನ್ನು ತೂಗಿ ನೋಡುವ ಪದ್ಧತಿ ಇದೆಯಲ್ಲ, ಅಂದೂ ಸೂಲಗಿತ್ತಿ ಅಜ್ಜಿ ಕೋಲೂರಿ ಎದ್ದರು. "ಅಯ್ಯಾ, ಈ ಮಾತನ್ನು ನಾವು ಸ್ವಲ್ಪ ತೂಗಿ ನೋಡಬಹುದಾ?" ಎಂದರು. ಪ್ರವಾದಿಗಳ ಮುಖ ಕೆಂಪಾಯಿತು. "ಅಭಿಷೇಕ ಹೊಂದಿದವರನ್ನು ತೂಗುವುದಕ್ಕೆ ಇದೇನು ತರಕಾರಿ ಅಂಗಡಿಯೇ?" ಎಂದರು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ, ಕೂರಲೂ ಇಲ್ಲ, ಮುಂದಿನ ಹಾಡು ಮುಗಿಯುವ ತನಕ ನಿಂತೇ ಇದ್ದರು. ಮಾರನೆಯ ದಿನ ಪ್ರವಾದಿಗಳು ಮುಂದಿನ ಊರಿಗೆ ಹೊರಟರು. ಬಸ್ಸಿನ ಕಿಟಕಿಯಿಂದ, ಇನ್ನೂ ಏನಾದರೂ ತಿಳಿಯಬೇಕಿದ್ದರೆ ತಮ್ಮೊಬ್ಬರನ್ನೇ ಕೇಳಬೇಕು, ಬೇರೆಯವರ ಮಾತಿಗೆ ಕಿವಿಗೊಡಬಾರದು ಎಂದು ತಂಗಿಗೆ ಹೇಳಿಹೋದರು.

ಇನ್ನು ಊತದ ಕಥೆ. ಮನೆಗೆ ಬಂದವಳೇ "ಆಪರೇಷನ್ ಬೇಡ ಅಣ್ಣ, ಆಸ್ಪತ್ರೆಗೆ ಹೇಳಿಬಿಡು" ಎಂದಳು. "ಅವರು ಹೇಳಿದ್ದು ಎಡಗಣ್ಣು, ನಿನ್ನ ಪೊರೆ ಇರೋದು ಬಲಗಣ್ಣಲ್ಲಿ" ಎಂದೆ. ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಎಡಗಣ್ಣಿಗೂ ಬಂದಿದೆ, ನನಗೇ ಗೊತ್ತಾಗಿಲ್ಲ. ಕರ್ತನಿಗೆ ಗೊತ್ತಾಗಿದೆ" ಎಂದಳು. ಮರುದಿನ ನೋಡುತ್ತೇನೆ, ವಾಸಿಯಾಗಲಿರುವ ಕಣ್ಣಿಗೆ ವಿಶ್ರಾಂತಿ ಬೇಕೆಂದು ಕಾಗದವನ್ನು ಬಲದಿಂದ ಕಿತ್ತು ಎಡದ ಗಾಜಿಗೆ ಅಂಟಿಸಿಕೊಂಡಿದ್ದಾಳೆ! ಅಂದರೆ ಕಾಣುವ ಕಣ್ಣು ಮುಚ್ಚಿದೆ, ಕಾಣದ ಕಣ್ಣು ತೆರೆದಿದೆ. ಈ ವಾರವಿಡೀ ನಮ್ಮ ಮನೆಯಲ್ಲಿ ನಡೆದದ್ದನ್ನು ನೀನು ನೋಡಬೇಕಿತ್ತು. ಟೀಗೆ ಉಪ್ಪು ಬಿತ್ತು. ಬಾಗಿಲಿಗೆ ಹಣೆ ಸಿಕ್ಕಿತು, ಬಕೆಟ್ಟಿಗೆ ಮೊಣಕಾಲು ಸಿಕ್ಕಿತು. ಅಂಗಡಿಯ ಮೂಲೆಯ ಸ್ಟ್ಯಾಂಡಿಗೆ ಗಿರಾಕಿಯೊಬ್ಬರ ಕೋಟು, ಟೋಪಿ ತೂಗುಹಾಕಿದ್ದೆ, ಅದನ್ನೇ ನಮ್ಮ ಪಾದ್ರಿಗಳೆಂದುಕೊಂಡು ಕೈಮುಗಿದು "ಸ್ತೋತ್ರ ಅಯ್ಯನವರೇ, ಮನೇಲೆಲ್ಲ ಆರಾಮಾ?" ಎಂದು ವಿಚಾರಿಸಿಕೊಂಡಳು. ಉತ್ತರ ಬಾರದೆ ಇದ್ದದ್ದಕ್ಕೆ "ಏನು ಗರ್ವ!" ಎಂದು ನನ್ನ ಹತ್ತಿರ ದೂರು ಬೇರೆ. ನಗು ಬಂತು. ಆಮೇಲೆ ಅವಳು ಗೋಡೆ ಹಿಡಿದು ಹಿಡಿದು ತನ್ನ ಕೋಣೆಗೆ ಹೋಗುವುದನ್ನು ನೋಡಿ ನಗು ನಿಂತುಹೋಯಿತು. ಇಪ್ಪತ್ತಾರು ದಾಟಿದರೆ ಆ ಕಣ್ಣು ಇವಳಿಗೆ ಮತ್ತೆ ಸಿಗುವುದಿಲ್ಲ.

ಬುಧವಾರ ಅಂಚೆಯಣ್ಣನಿಗೆ ಕೂದಲು ಕತ್ತರಿಸುತ್ತಿದ್ದೆ. ಅವನು ಕನ್ನಡಿಯಲ್ಲೇ ಬೆರಳು ತೋರಿಸಿ "ಈ ಎಡಗಡೆ ಸ್ವಲ್ಪ ಜಾಸ್ತಿ ಉಳೀತು ನೋಡು" ಎಂದ. ತೋರಿಸಿದ್ದು ಬಲಗಡೆಯನ್ನು. ನಮ್ಮ ಕಸುಬಿನಲ್ಲಿ ಹೊಸಬರೆಲ್ಲ ಮಾಡುವ ತಪ್ಪು ಅದು. ಕನ್ನಡಿಯೊಳಗಿನವನ ಎಡಗಡೆಯನ್ನು ಎಡ ಎಂದುಕೊಂಡು ಕತ್ತರಿ ಹಾಕುತ್ತಾರೆ, ಆಮೇಲೆ ಗಿರಾಕಿಯ ಬೈಗುಳ ಕೇಳುತ್ತಾರೆ. ಕತ್ತರಿ ನನ್ನ ಕೈಯಲ್ಲೇ ನಿಂತಿತು. ಪ್ರವಾದಿಗಳು ಕೂತದ್ದು ಇದೇ ಕುರ್ಚಿಯಲ್ಲಿ. ತಂಗಿ ಅವರ ಬೆನ್ನ ಹಿಂದೆ, ಸ್ಟೂಲಿನ ಮೇಲೆ. ಗಂಟಲ ಮೇಲೆ ಕ್ಷೌರದ ಕತ್ತಿ ಇರುವಾಗ ಯಾವ ಪ್ರವಾದಿಯೂ ತಿರುಗಿ ನೋಡುವುದಿಲ್ಲ. ಕಾಗದ ಅಂಟಿಸಿದ ಕನ್ನಡಕವನ್ನು ಅವರು ನೋಡಿದ್ದು ಕನ್ನಡಿಯಲ್ಲಿ! ಕರ್ತನು ತೋರಿಸಿದ್ದರೆ ಬಲಗಣ್ಣನ್ನೇ ತೋರಿಸುತ್ತಿದ್ದನು. ಎಡಗಣ್ಣು ತೋರಿಸಿದ್ದು ನಮ್ಮ ಅಂಗಡಿಯ ಕನ್ನಡಿ. ಅಂಚೆಯಣ್ಣನನ್ನು ಅರ್ಧ ತಲೆಯಲ್ಲೇ ಬಿಟ್ಟು ಕೂಗಾಡಿದೆ. ಕಾಯುತ್ತ ಕೂತಿದ್ದ ದರ್ಜಿ ಮಾತ್ರ ಒಪ್ಪಲಿಲ್ಲ. "ಈಗ ನಾವು ಕನ್ನಡಿಯಲ್ಲಿ ಮಬ್ಬಾಗಿ ನೋಡ್ತೀವಿ ಅಂತ ಬೈಬಲಿನಲ್ಲಿ ಪೌಲನೇ ಬರೆದಿದ್ದಾನಲ್ಲ, ಮತ್ತೇನು?" ಎಂದ. ನಾನು ಆಗಷ್ಟೇ ಮತ್ತೆ ಕತ್ತರಿ ಹಾಕಿದ್ದೆ, ಅಂಚೆಯಣ್ಣ ನಕ್ಕ ರಭಸಕ್ಕೆ ಅವನ ಕಿವಿ ಸ್ವಲ್ಪದರಲ್ಲಿ ಉಳಿಯಿತು.

ಸಂಜೆ ನಮ್ಮ ಸಭೆಯ ಪಾದ್ರಿ ಅಯ್ಯನವರ ಮನೆಗೆ ಓಡಿದೆ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕನ್ನಡಕ ಒರೆಸುತ್ತ ಹೇಳಿದ ಮಾತು ನನ್ನ ಉತ್ಸಾಹಕ್ಕೆ ನೀರು ಹಾಕಿತು. "ಅವರು ಬಲಗಣ್ಣು ಅಂತ ಸರಿಯಾಗೇ ಹೇಳಿದ್ದರೆ ನೀನು ನಂಬ್ತಿದ್ದೆಯೇನಪ್ಪಾ?" ಎಂದರು. ನಂಬುತ್ತಿದ್ದೆ, ಸುಳ್ಳೇಕೆ ಹೇಳಲಿ. "ಅಲ್ಲೇ ಇರೋದು ಅಪಾಯ. ಗುರುತು ನಿಜವಾದರೂ ಆ ಮಾತು ಯಾರ ಕಡೆ ಕರೆದೊಯ್ಯುತ್ತೆ ಅಂತ ನೋಡಬೇಕು. ಇವರ ಮಾತು ನಿನ್ನ ತಂಗೀನ ದೇವರ ಕಡೆ ತಿರುಗಿಸ್ತಾ, ತಮ್ಮ ಕಡೆ ತಿರುಗಿಸ್ತಾ? ತೂಗಿ ನೋಡ್ತೀವಿ ಅಂದಾಗ ಯಾಕೆ ಸಿಟ್ಟು ಬಂತು?" ಎಂದರು. ಹಾಗಾದರೆ ಪ್ರವಾದನೆ ಅಂದರೇ ಸುಳ್ಳೇ ಎಂದು ಕೇಳಿದೆ. "ಹಾಗೆಂದರೆ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತೆ" ಎಂದವರು ಸೂಲಗಿತ್ತಿ ಅಜ್ಜಿಯ ಸಂಗತಿ ಹೇಳಿದರು. ಒಮ್ಮೆ ಅಜ್ಜಿ ಎದ್ದು, ನಡುಗುವ ದನಿಯಲ್ಲಿ, ಎಲ್ಲರ ಎದುರಿಗೆ ಅಯ್ಯನವರಿಗೇ ಹೇಳಿದ್ದರಂತೆ: "ಅಯ್ಯಾ, ನೀವು ನಿಮ್ಮ ತಮ್ಮನ ಜೊತೆ ಮಾತು ಬಿಟ್ಟಿದ್ದೀರಿ, ಹೋಗಿ ಕ್ಷಮೆ ಕೇಳಿ ಅಂತ ನನ್ನ ಮನಸ್ಸಿಗೆ ಬಂತು. ತಪ್ಪಿದ್ದರೆ ಎಲ್ಲರೂ ಸೇರಿ ನನ್ನನ್ನು ತಿದ್ದಿ." ತಮ್ಮನ ವಿಷಯ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಒಂದು ವಾರ ಅವರ ಮುಖ ನೋಡಲಿಲ್ಲ ನಾನು, ಅಷ್ಟು ಕೋಪ. ಎಂಟನೇ ದಿನ ತಮ್ಮನ ಮನೆ ಬಾಗಿಲು ತಟ್ಟಿದೆ" ಎಂದು ಅಯ್ಯನವರು ಕಿಟಕಿಯ ಕಡೆ ತಿರುಗಿದರು. ನಮಗೆ ಬೇಕಾದದ್ದನ್ನೇ ಹೇಳುವ ಮಾತು ಬಂದಾಗ ಎರಡು ಸಲ ತೂಗಬೇಕು ಎಂದರು.

ಇದೆಲ್ಲವನ್ನೂ ಹೊತ್ತು ತಂದು ತಂಗಿಯ ಮುಂದೆ ಇಳಿಸಿದೆ. ಅವಳು ಸಾಮಾನ್ಯಳೇ? ನಿನ್ನ ನಾದಿನಿ! "ಕರ್ತನು ನನ್ನ ಎದುರಿಗೆ ನಿಂತು ನೋಡಿದ್ರೆ ನನ್ನ ಬಲ ಅವನಿಗೆ ಎಡ ಅಲ್ವಾ ಅಣ್ಣ?" ಎಂದಳು. ನನ್ನ ಕನ್ನಡಿಯ ವಾದ ಅಲ್ಲಿಗೆ ನೆಲಕಚ್ಚಿತು. ಅಯ್ಯನವರ ಮಾತಿಗೆ ಮಾತ್ರ ಎದುರು ಹೇಳಲಿಲ್ಲ, ಟವೆಲ್ಲಿನ ಅಂಚು ತಿರುವುತ್ತ ಕೂತಿದ್ದಳು. ಕೊನೆಗೆ ತೀರ್ಪು ಬಂತು: "ಪರೀಕ್ಷೆ ಮಾಡೋಣ. ಮಗುವಿನ ಕುತ್ತಿಗೆ ನಿಲ್ಲೋ ತನಕ ಅತ್ತಿಗೆ ಬರೋದಿಲ್ಲ ಅಂದರಲ್ಲ, ಅಷ್ಟರೊಳಗೆ ಅತ್ತಿಗೆ ಈ ಹೊಸ್ತಿಲು ದಾಟಿ ಬಂದರೆ ಅದು ಕರ್ತನ ಮಾತಲ್ಲ. ಆವಾಗ ನಾನೇ ಆಸ್ಪತ್ರೆಗೆ ಹೋಗ್ತೀನಿ." ನಾನು ಮತ್ತೆ ಅಯ್ಯನವರ ಹತ್ತಿರ ಓಡಿದೆ. ಹೆಂಡತಿಯನ್ನು ಕರೆಸಿಕೊಂಡು ಪ್ರವಾದನೆಯನ್ನು ಸುಳ್ಳುಮಾಡಿದರೆ ಮೋಸವಲ್ಲವೇ ಎಂದು ಕೇಳಿದೆ. "ನಿಜವಾಗಿ ಕರ್ತನ ಮಾತೇ ಆಗಿದ್ದರೆ ದಾರಿಯಲ್ಲಿ ಬಸ್ಸು ಕೆಡುತ್ತೆ, ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಎಂದು ನಕ್ಕರು.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಪರೀಕ್ಷೆ ಅವಳು ಇಟ್ಟದ್ದು, ನಾನು ಕೈಯಾಡಿಸಬಾರದು. ಅದಕ್ಕೇ ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ನಡೆದದ್ದನ್ನು ತಿಳಿಸಿದ್ದೇನೆ, ಅಷ್ಟೇ. ಮಗಳಿಗೆ ನನ್ನ ಆಶೀರ್ವಾದ ಹೇಳು, ಅಳಿಯಂದಿರಿಗೆ ಧೈರ್ಯ ಹೇಳು, ಬೀಗಿತ್ತಿಯವರಿಗೆ ನಮಸ್ಕಾರ. ಮೊಮ್ಮಗನ ಬೋಳುತಲೆಗೆ ನನ್ನ ಪರವಾಗಿ ಒಂದು ಮುತ್ತು. ಅವನ ತಲೆ ತುಂಬ ಕೂದಲು ಬೆಳೆಯಲಿ ಎಂದು ಕರ್ತನಲ್ಲಿ ಬೇಡುತ್ತಿದ್ದೇನೆ. ಇದು ಪ್ರವಾದನೆಯಲ್ಲ, ಬರೀ ಆಸೆ.

ಇಂತಿ,
ನೀನು "ರೀ" ಎಂದು ಕೂಗಿದರೆ ಓಗೊಡುವ
ನಿನ್ನವನು

ತಾ.ಕ.: ಅಂಚೆಯಣ್ಣ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಈಗ ತಾನೇ ತಂಗಿ ಬಂದು "ಅತ್ತಿಗೆಗಾ ಬರೀತಿರೋದು? ಬಸ್ಸಿನ ಹೊತ್ತು ಬರೆದ್ಯಾ?" ಎಂದಳು. ಯಾವ ಬಸ್ಸು ಎಂದೆ. "ಇಪ್ಪತ್ತೈದನೇ ತಾರೀಕಿಂದು. ಈಗ ಏಳಕ್ಕಲ್ಲ, ಆರಕ್ಕೇ ಬಿಡುತ್ತಂತೆ. ಪಾಪ, ಅತ್ತಿಗೆಗೆ ಗೊತ್ತಿರಲ್ಲ" ಎಂದಳು. ತಲೆಯೆತ್ತಿ ನೋಡಿದೆ, ಕಾಗದ ಮತ್ತೆ ಬಲಗಡೆಯ ಗಾಜಿಗೆ ಹೋಗಿದೆ. "ಕಣ್ಣಿಗೆ ಕತ್ತಿ ಹಾಕ್ತಾರೆ ಅಂದರೆ ನನಗೆ ತುಂಬ ಭಯ ಅಣ್ಣ. ಬೇಡ ಅಂದರಲ್ಲ ಅವರು, ಅದಕ್ಕೇ ಅಷ್ಟು ಹಿತವಾಗಿತ್ತು. ಅತ್ತಿಗೆ ಪಕ್ಕದಲ್ಲಿದ್ದರೆ ಹೋಗ್ತೀನಿ" ಎಂದು ಒಳಗೆ ಹೋಗಿಬಿಟ್ಟಳು. ಬಾ ಎಂದು ಕರೆಯುತ್ತಿಲ್ಲ ಎಂದು ಮೇಲೆ ಬರೆದದ್ದನ್ನು ಮರೆತುಬಿಡು, ಹೊರಟು ಬಾ. ಮಗುವಿನ ಕುತ್ತಿಗೆಯನ್ನು ಬೀಗಿತ್ತಿಯವರು ನೋಡಿಕೊಳ್ಳುತ್ತಾರೆ. ದಾರಿಯಲ್ಲಿ ಬಸ್ಸು ಕೆಟ್ಟರೆ ಅದನ್ನು ದೇವರ ಮಾತೆಂದುಕೊಂಡು ಹಿಂದಿರುಗಬೇಡ, ಮುಂದಿನ ಬಸ್ಸು ಹತ್ತು.