ಕೊಡೆ ಹುಡುಗಿ, ಮೊಂಡ ಬಸ್ಸು ಇತ್ಯಾದಿ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪೀಚು,

ಇಲ್ಲಿ ನಾನು, ಅಮ್ಮ ಇಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಮಾತ್ರ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು ಕಳಿಸಿದ ಮೆಮೊರಿ ಕಾರ್ಡನ್ನು ಇಷ್ಟು ದಿನ ಇಟ್ಟುಕೊಂಡು ಕೂತಿದ್ದಕ್ಕೆ ಬೈದುಕೊಳ್ಳಬೇಡ. ಅಂಗಡಿಯಲ್ಲಿ ಸ್ಟಾಕ್ ನೋಡುವ ತಿಂಗಳು. ಹಗಲೆಲ್ಲ ಮಾತ್ರೆ, ಸಿರಪ್ಪು ಜೋಡಿಸಿ ಬಂದವಳಿಗೆ ಮನೆಯಲ್ಲಿ ನಿನ್ನ ಗೇಮ್‌ಗಳನ್ನು ಜೋಡಿಸುವ ಕೆಲಸ. ಆದರೂ ಸುಳ್ಳೇಕೆ ಹೇಳಲಿ, ಪಾರ್ಸೆಲ್ ಬಂದ ದಿನ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ನಾವು ಚಿಕ್ಕವರಿದ್ದಾಗ ಟಿವಿ ಮುಂದೆ ಕೂತು ಆಡಿದ ಆಟಗಳನ್ನೆಲ್ಲ ಹುಡುಕಿ ಒಟ್ಟುಮಾಡಿ, "ಇದನ್ನ ನೀಟಾಗಿ ಜೋಡ್ಸೋಕೆ ನೀನೇ ಸರಿ" ಅಂತ ಚೀಟಿ ಇಟ್ಟಿದ್ದೆಯಲ್ಲ, ಅದು ಇನ್ನೂ ನನ್ನ ಪರ್ಸಿನಲ್ಲಿದೆ.

ಆಮೇಲೆ ಕವರಿನಿಂದ ಇನ್ನೊಂದು ಹಾಳೆ ಬಿತ್ತು. ನಿನ್ನ ಗಂಡನ ಅಕ್ಕ ಬರೆದದ್ದು. ಒಂದೊಂದು ಆಟದ ಅಸಲಿ ಹೆಸರು, ಅದು ಬಂದ ವರ್ಷ, ಎಲ್ಲ ಮುದ್ದಾದ ಅಕ್ಷರದಲ್ಲಿ. ಕೆಳಗೆ, "ಈ ಹೆಸರುಗಳನ್ನೇ ಇಟ್ಟರೆ ಮೆನುವಿನಲ್ಲಿ ಚಿತ್ರಗಳು ತಾವಾಗಿಯೇ ಬರುತ್ತವೆ" ಎಂದು ಸೂಚನೆ. ಅಕ್ಷರ ಚೆನ್ನಾಗಿದೆ, ಒಪ್ಪಿದೆ. ಆದರೆ ನಮ್ಮ ಆಟಗಳಿಗೆ ಹೆಸರಿಡಲು ಅವರು ಯಾರು?

ಮದುವೆಯಾದಾಗಿನಿಂದ ನಿನ್ನ ಫೋನು ಎತ್ತಿದರೆ ಸಾಕು, ಈ ಅತ್ತಿಗೆಯದೇ ಪುರಾಣ. "ಅತ್ತಿಗೆ ಎರಡು ಕಂಟ್ರೋಲರ್ ತಂದ್ರು." "ಅತ್ತಿಗೆ ಬ್ಯಾಂಕಿಂದ ಬಂದ ತಕ್ಷಣ ಮೇಲಿನ ಮನೆಯಿಂದ ಇಳ್ದು ಬರ್ತಾರೆ, ಇಬ್ರೂ ಕೂತು ಆಡ್ತೀವಿ." ನಾನು "ಹೌದಾ, ಒಳ್ಳೇದಾಯ್ತು ಬಿಡು" ಅನ್ನುತ್ತಿದ್ದೆ. ಒಳ್ಳೆಯದೇನೂ ಆಗಿರಲಿಲ್ಲ. ಮೊದಲನೇ ಕಂಟ್ರೋಲರನ್ನು ನೀನು ಹಟ ಮಾಡಿ ಕಿತ್ತುಕೊಳ್ಳುತ್ತಿದ್ದೆ, ಎರಡನೆಯದು ಯಾವಾಗಲೂ ನನ್ನದು. ಅದರ ಬಟನ್ನು ಅದುಮಿ ಅದುಮಿ ಹೆಬ್ಬೆರಳಲ್ಲಿ ಬೊಬ್ಬೆ ಎದ್ದದ್ದು ನನಗೆ, ಅವರಿಗಲ್ಲ.

ಇರಲಿ, ಕೆಲಸದ ವಿಷಯಕ್ಕೆ ಬರುತ್ತೇನೆ. ಕಾರ್ಡಿನೊಳಗೆ ಇಣುಕಿದರೆ ಗುಜರಿ ಅಂಗಡಿ. ಒಂದೇ ಆಟ ನಾಲ್ಕು ಕಡೆ, ನಾಲ್ಕು ಹೆಸರಿನಲ್ಲಿ. ಹೆಸರಿನ ಬಾಲಕ್ಕೆ ಬ್ರಾಕೆಟ್ಟು, ನಂಬರು. ನಮ್ಮ ಅಂಗಡಿಯಲ್ಲೂ ಒಂದೇ ಜ್ವರದ ಮಾತ್ರೆ ಹತ್ತು ಹೆಸರಿನಲ್ಲಿ ಬರುವುದರಿಂದ ಗಾಬರಿಯಾಗಲಿಲ್ಲ. ಒಂದೊಂದನ್ನೂ ತೆರೆದು, ಸ್ವಲ್ಪ ಆಡಿ ನೋಡಿ, ಸರಿಯಾಗಿ ಓಡುವುದನ್ನು ಇಟ್ಟುಕೊಂಡು ಉಳಿದದ್ದನ್ನು ಪಕ್ಕಕ್ಕೆ ಸರಿಸಿದೆ. ನಿನ್ನ ಗಂಡ ಫೋನಿನಲ್ಲಿ ಒಂದು ನಿಯಮ ಹೇಳಿಕೊಟ್ಟ. ಆಟದ ಫೈಲು, ಅದರ ಚಿತ್ರ, ಆಡಿ ಅರ್ಧಕ್ಕೆ ಉಳಿಸಿದ್ದು, ಮೂರಕ್ಕೂ ಒಂದೇ ಹೆಸರಿರಬೇಕಂತೆ. ಒಂದು ಚುಕ್ಕೆ ಆಚೀಚೆಯಾದರೂ ಒಂದನ್ನೊಂದು ಗುರುತು ಹಿಡಿಯುವುದಿಲ್ಲವಂತೆ.

ಅಮ್ಮ ಹಿಂದೆ ನಿಂತು ನೋಡಿದಳು. "ಗೇಮ್ ಆಡೋ ವಯಸ್ಸೇನೇ ಇದು? ಆ ಹುಡುಗಿ ಅಷ್ಟು ಚಂದ ಬರ್ದು ಕೊಟ್ಟಿದಾಳೆ, ಹಾಗೇ ಹಾಕಿ ಮುಗ್ಸು" ಅಂದಳು. ಆಗಲ್ಲ ಅಂದೆ. "ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಕಣೇ" ಅಂದಳು. ದಿನವಿಡೀ ಮದ್ದು ಮಾರುವವಳ ಮುಂದೆ ಆಡುವ ಮಾತೇ ಇದು?

ಹೌದು, ಹೊಟ್ಟೆಕಿಚ್ಚೇ. ಅದಕ್ಕೇ ಆ ಹಾಳೆಯನ್ನು ಮಡಿಸಿಟ್ಟು ನಮ್ಮ ಹೆಸರುಗಳನ್ನೇ ಕೊಟ್ಟೆ. ಪರದೆಯ ಮೇಲಿನ ಲಿಪಿ ಓದಲು ಬಾರದೆ ನಾವೇ ಕಟ್ಟಿಕೊಂಡ ಹೆಸರುಗಳು. ಕೊಡೆ ಹುಡುಗಿ. ಎಷ್ಟು ತಿರುಗಿಸಿದರೂ ಎಡಕ್ಕೆ ಹೋಗದ ಮೊಂಡ ಬಸ್ಸು. ಸೌಟು ಎಸೆಯುವ ಸಿಡುಕ ಅಡುಗೆಭಟ್ಟ. ಚಡ್ಡಿ ಜಾರಿದ ಪೈಲ್ವಾನ. ಹೆಸರು ಬದಲಾದ ಕೂಡಲೇ ಚಿತ್ರಗಳೆಲ್ಲ ಮಾಯವಾಗಿ ಮೆನುವಿನ ತುಂಬ ಬೂದು ಚೌಕಗಳು ಕೂತವು. ನಾನು ಬಿಡುವವಳೇ? ಔಷಧಿ ಡಬ್ಬಗಳ ರಟ್ಟು ಬಿಡಿಸಿ, ಒಳಮೈಯಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ನಾನೇ ಚಿತ್ರ ಬರೆದು, ಫೋಟೊ ತೆಗೆದು, ಅದದೇ ಹೆಸರು ಕೊಟ್ಟು ಹಾಕಿದೆ. ಪೈಲ್ವಾನ ನಮ್ಮ ಅಂಗಡಿ ಯಜಮಾನರ ಹಾಗೆ ಬಂದಿದ್ದಾನೆ, ನಗಬೇಡ.

ಇನ್ನೊಂದು ಮಾತು. ನೀನೂ ನಿಮ್ಮತ್ತಿಗೆಯೂ ಆಡಿ ಉಳಿಸಿದ್ದು ಯಾವುದೂ ಇನ್ನು ತೆರೆಯುವುದಿಲ್ಲ. ಅಳಿಸಿಲ್ಲ, ಅಷ್ಟು ಕೆಟ್ಟವಳಲ್ಲ. ಹಳೆಯ ಹೆಸರುಗಳಲ್ಲೇ ಬೇರೆ ಫೋಲ್ಡರಿನಲ್ಲಿವೆ. ಅವಕ್ಕೂ ಹೊಸ ಹೆಸರು ಹೊಂದಿಸಬಹುದಿತ್ತು, ಹೊಂದಿಸಲಿಲ್ಲ. ಎಲ್ಲ ಆಟವೂ ಮೊದಲಿಂದ ಶುರು. ಈಗ ಆ ಮೆನು ತೆರೆದರೆ ನಮ್ಮಿಬ್ಬರನ್ನು ಬಿಟ್ಟು ಲೋಕದಲ್ಲಿ ಯಾರಿಗೂ ತಲೆಬುಡ ಅರ್ಥವಾಗದು. ನಿಮ್ಮತ್ತಿಗೆಗೆ ಒಂದು ಆಟ ಬೇಕೆಂದರೆ ನಿನ್ನನ್ನು ಕೇಳಬೇಕು, ನಿನಗೆ ಮರೆತಿದ್ದರೆ ನೀನು ನನ್ನನ್ನು ಕೇಳಬೇಕು. ಹೀಗೆಂದುಕೊಂಡಾಗ ಎಷ್ಟು ಹಾಯೆನಿಸಿತು ಗೊತ್ತಾ? ಸಣ್ಣ ಬುದ್ಧಿ ಅಂತ ನನಗೂ ತಿಳಿಯುತ್ತದೆ. ತಿಳಿದ ಮಾತ್ರಕ್ಕೆ ಹೋಗುವುದಿಲ್ಲ.

ಮುಂದಿನ ರಜೆಗೆ ಒಬ್ಬಳೇ ಬಾ, ನಾವು ಕೂತು ಆಡೋಣ. ಊಟ ಬಿಟ್ಟು ಆಟಕ್ಕೆ ಕೂರಬೇಡ, ಕಣ್ಣು ಕೆಡಿಸಿಕೊಳ್ಳಬೇಡ. ನೀನೂ ನಿನ್ನ ಗಂಡನೂ ಕಾಲಕಾಲಕ್ಕೂ ನಗುನಗುತ್ತಾ ಬಾಳಿ. ಅಮ್ಮನ ಆಶೀರ್ವಾದ ಬೇರೆ ಇದೆ, ಅದಕ್ಕೆ ನನ್ನದನ್ನು ಬೆರೆಸುವುದಿಲ್ಲ. ನನ್ನದು ನಿನಗೆ ಪೂರ್ತಿ.

ನಿನ್ನ
ಅಕ್ಕ

ತಾ.ಕ.: ಪಾರ್ಸೆಲ್ ಮೇಲೆ ಬರೆಯಲು ಹೋದರೆ ನಿನ್ನ ಮನೆ ನಂಬರು ಮರೆತಿತ್ತು. ಈಗಷ್ಟೇ ಫೋನು ಮಾಡಿದೆ. ಎತ್ತಿದ್ದು ನಿಮ್ಮತ್ತಿಗೆ. "ಅವಳು ಒಳಗೆ ಬಟ್ಟೆ ಮಡಿಸ್ತಿದಾಳೆ, ನನ್ಗೇ ಹೇಳಿ" ಅಂದರು. ಮನೆ ನಂಬರು ಕೊಟ್ಟು ಸುಮ್ಮನಿರಬಾರದಿತ್ತೆ? "ಕಾರ್ಡ್ ಬಂದ ತಕ್ಷಣ ಮೊದ್ಲು ಕೊಡೆ ಹುಡುಗೀನೇ ಆಡೋದು. ಬಾವಿ ಹತ್ರ ನೀವು ಯಾವಾಗ್ಲೂ ಬೀಳ್ತಿದ್ರಂತೆ? ಮೊಂಡ ಬಸ್ಸು, ಪೈಲ್ವಾನ, ಎಲ್ಲಾ ಹೇಳಿದಾಳೆ" ಎಂದು ನಕ್ಕರು. ಕುಹಕದ ನಗು ಅಲ್ಲ, ಅದೇ ಕಷ್ಟ. ನಮ್ಮ ಹೆಸರುಗಳನ್ನು ನೀನು ಹೇಳದಿದ್ದರೆ ಅವರು ಅಸಲಿ ಹೆಸರು ಪತ್ತೆ ಮಾಡುವುದಾದರೂ ಹೇಗೆ, ನನಗೇ ಹೊಳೆಯಬೇಕಿತ್ತು. ಆಗಲಿ, ಅದನ್ನು ಹೇಗೋ ನುಂಗಿಕೊಂಡೇನು. ಆದರೆ ಅಷ್ಟರಲ್ಲಿ ಒಳಗಿನಿಂದ ನಿನ್ನ ದನಿ ಕೇಳಿತು. "ಅಕ್ಕಾ, ಯಾರದು ಫೋನು?" ನನ್ನನ್ನು ಕರೆಯುವಾಗಿನ ಅದೇ ರಾಗ, ಕೊನೆಯಲ್ಲಿ ಅದೇ ಎಳೆತ. ನಾನು ಬಾಯಿ ತೆರೆಯುವ ಮೊದಲೇ ಅವರು ಓಗೊಟ್ಟರು. ನನ್ನ ಮುಂದೆ ಅತ್ತಿಗೆ, ನಾನಿಲ್ಲದಾಗ ಅಕ್ಕ. ಆಟಗಳ ಹೆಸರು ಎಲ್ಲವನ್ನೂ ಅವರಿಗೆ ಕೊಡು ಪೀಚು, ಎರಡನೇ ಕಂಟ್ರೋಲರನ್ನೂ ಕೊಡು. ಅವರನ್ನು ಅತ್ತಿಗೆ ಅಂತಲೇ ಕರಿ, ನಿನ್ನ ದಮ್ಮಯ್ಯ.