ಊಟ ಮುಟ್ಟದ ನಾಲ್ವರು

ಸಾಲ್ಚಿಯಾ
12 ಮಾರ್ಚ್ 2013, ಮಂಗಳವಾರ

ಪ್ರೀತಿಯ ಲಿದಿಯಾ,

ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಸ್ನಾನಕ್ಕೆ ಒಬ್ಬಳೇ ಎತ್ತಬೇಡ, ಅವಳ ಮಗನನ್ನು ಕರೆ; ಅವನಿಗೂ ಎರಡು ಕೈಗಳಿವೆ. ಪಾದುವಾದಲ್ಲಿ ಆಗಲೇ ಬಿಸಿಲು ಬಿದ್ದಿರಬೇಕು, ಇಲ್ಲಿ ಹಿತ್ತಿಲ ಮಂಜು ಇನ್ನೂ ಕರಗಿಲ್ಲ. ನಾನು ಆರಾಮಾಗಿದ್ದೇನೆ. ಫೋನಿನಲ್ಲಿ ಎಲ್ಲ ಹೇಳಲಾಗುವುದಿಲ್ಲ, ನಿನ್ನಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ಕಿವಿ ಮಾತ್ರ ಇನ್ನೂ ಚುರುಕು. ಅದಕ್ಕೇ ಅಲ್ಲಿಗೆ ಸಾಮಾನು ಒಯ್ಯುವ ವ್ಯಾನಿನವನ ಕೈಲಿ ಚೀಸ್ ಗಂಟಿನೊಂದಿಗೆ ಈ ಕಾಗದ.

ನವೆಂಬರಿನಲ್ಲಿ ಡಾಕ್ಟರು ಅತ್ತೆಯ ನಡುಕದ ಕಾಯಿಲೆಯ ಗುಳಿಗೆ ಹೆಚ್ಚಿಸಿದ್ದು ನಿನಗೆ ಗೊತ್ತು. ಕೈಕಾಲು ಸಡಿಲಾದವು, ಹಿಟ್ಟು ಕೂಡ ನಾದಿದರು. ಜನವರಿಯ ಒಂದು ಸಂಜೆ ನಾನು ಮಮಲಿಗಾ ಮುದ್ದೆ ಬಡಿಸಿಕೊಂಡು ಕೂತೆ. ಅವರು ನನ್ನನ್ನೇ ದುರುಗುಟ್ಟಿ ನೋಡಿ, "ನಾಲ್ಕು ಜನ ಮೇಜಿನ ಮುಂದೆ ಕೂತವ್ರೆ, ನೀನೊಬ್ನೇ ತಿಂತಿದೀಯಲ್ಲ ಅಳಿಯ. ನಿಮ್ಮಪ್ಪನೂ ಹೀಗೇ ಜಿಪುಣ" ಎಂದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸು, ಟೋಪಿಯ ಇಬ್ಬರು ಗಂಡಸರು. ಎಲ್ಲರ ಕೋಟೂ ಒದ್ದೆಯಂತೆ, ಯಾರೂ ಮಾತಾಡುವುದಿಲ್ಲವಂತೆ. ತೀರಿಹೋದ ಮಾವನವರೇ ಬಂದಿದ್ದಾರೇನೋ ಎಂದು ಕೇಳಿದೆ. ಗಂಡನ ಗುರುತು ಹಿಡಿಯದಷ್ಟು ಕುರುಡಾಗಿಲ್ಲ, ಇವರು ಯಾರೋ ಬೇರೆ ಎಂದು ನನ್ನನ್ನೇ ಗದರಿದರು. ಯಾರೂ ಇಲ್ಲ ನೋಡಿ ಎಂದು ಕುರ್ಚಿಯ ಮೇಲೆ ಕೈಯಾಡಿಸಿದೆ. ಮಗುವಿಗೆ ಹೊಡೆದೆನೆಂದು ಅತ್ತರು ಲಿದಿಯಾ. ಆಮೇಲೆ ನಾನು ವಾದಿಸಲಿಲ್ಲ, ಆ ಅತಿಥಿಗಳಿಗೂ ತಟ್ಟೆ ಇಡತೊಡಗಿದೆ. ಪಕ್ಕದ ಮನೆಯ ಅಗಾಫಿಯಾ ಚರ್ಚಿನ ತೀರ್ಥ ತಂದು ಮೂಲೆಮೂಲೆಗೂ ಚಿಮುಕಿಸಿ ಹೋದಳು. "ಮೊದ್ಲೇ ನೆಂದಿದ್ರು, ಇನ್ನಷ್ಟು ನೆನೆಸಿದ್ಲು" ಎಂದು ಅತ್ತೆ ಗೊಣಗಿದರು. ನಾನು ಹೊರಗೆ ಹೋಗಿ ನಕ್ಕೆ. ಎಷ್ಟು ದಿನವಾಗಿತ್ತು ನಕ್ಕು.

ಫೆಬ್ರವರಿಯಲ್ಲಿ ಮಾತ್ರ ನಗು ಹೋಯಿತು. ನಾನು ಸೌದೆ ಒಡೆಯುತ್ತಿದ್ದಾಗ, ಅತಿಥಿಗಳು ಚಳಿಯಲ್ಲಿ ನಿಂತಿದ್ದಾರೆಂದು ಬರಿಗಾಲಲ್ಲಿ ಗೇಟು ತೆಗೆಯಲು ಹೋಗಿ ಜಾರಿ ಬಿದ್ದರು. ಮಣಿಕಟ್ಟು ಊದಿತು. ಅದು ನೆಲ ಒರೆಸುವಾಗ ಆದದ್ದೆಂದು ನಿನಗೆ ಸುಳ್ಳು ಹೇಳಿದ್ದೆ, ಕ್ಷಮಿಸು.

ಡಾಕ್ಟರ್ ರುಸ್ನಾಕ್ ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕಿದ್ದರೂ ಮುದುಕರಿಗೆ ಇಲ್ಲದ್ದು ಕಾಣುತ್ತದಂತೆ. ಸೋಂಕೇ ಇರಲಿ ದೇವರೇ ಎಂದು ಬೇಡಿಕೊಂಡೆ, ವಾರದ ಔಷಧಿಯಲ್ಲಿ ಹೋಗಿಬಿಡುತ್ತಿತ್ತು. ಇರಲಿಲ್ಲ. ಇದು ಹುಚ್ಚಲ್ಲ, ದೆವ್ವವೂ ಅಲ್ಲ ಎಂದರು. ಕಣ್ಣು ಕಳಿಸಿದ ಅರೆಬರೆ ಸುದ್ದಿಯನ್ನು ಮಿದುಳು ತನ್ನ ಕಡೆಯಿಂದ ತುಂಬಿಕೊಳ್ಳುತ್ತದೆ, ಎಲ್ಲರಲ್ಲೂ ಅಷ್ಟೇ. ಈ ಕಾಯಿಲೆಯಲ್ಲಿ ತುಂಬಿದ್ದು ಯಾವುದು, ಬಂದದ್ದು ಯಾವುದು ಎಂದು ಬೇರ್ಪಡಿಸುವ ಶಕ್ತಿ ಸವೆಯುತ್ತದೆ. ಕೈಕಾಲು ಆಡಿಸಲು ಕೊಡುವ ಗುಳಿಗೆಯೇ ಆ ತುಂಬುವ ಕೆಲಸವನ್ನೂ ಹೆಚ್ಚಿಸುತ್ತದೆ. ಮಬ್ಬು ಬೆಳಕಿನಲ್ಲಿ ಅದು ಮತ್ತಷ್ಟು. ಇಷ್ಟೆಲ್ಲ ಅರ್ಥವಾಯಿತು. ಅರ್ಥವಾದದ್ದರಿಂದ ಏನೂ ಆಗಲಿಲ್ಲ.

ಗುಳಿಗೆ ಇಳಿಸಿದರು. ಆರನೆಯ ದಿನ ಮೇಜು ಖಾಲಿ. ನಾನು ಖುಷಿಪಟ್ಟೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅತ್ತೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾರದೆ ಮರದ ಕೊರಡಿನಂತೆ ಬಿದ್ದಿದ್ದರು. ತುತ್ತು ಬಾಯಲ್ಲೇ ಉಳಿಯುತ್ತಿತ್ತು. ಕಣ್ಣು ಮಾತ್ರ ನನ್ನ ಹಿಂದೆ ತಿರುಗುತ್ತಿತ್ತು. ಒಂದು ಬೆಳಗ್ಗೆ ಮುಖ ತೊಳೆಸುವಾಗ ಪಿಸುಗುಟ್ಟಿದರು, "ಗುಳಿಗೆ ವಾಪಸ್ ಕೊಡು." ಅವರೆಲ್ಲ ಮತ್ತೆ ಬರುತ್ತಾರೆ ಅತ್ತೆ ಎಂದೆ. "ಬರ್ಲಿ ಬಿಡು. ಅವ್ರು ಒಂದು ದಿನಾನೂ ನನ್ನ ಹೀಗೆ ಕಟ್ಟಿ ಹಾಕ್ಲಿಲ್ಲ."

ಡಾಕ್ಟರನ್ನು ಕೇಳಿ, ಇಳಿಸಿದ್ದರಲ್ಲಿ ಅರ್ಧ ಮತ್ತೆ ಹೆಚ್ಚಿಸಿದ್ದೇವೆ. ಕಾಣುವುದನ್ನು ತಡೆಯುವ ಔಷಧಿಯೂ ಒಂದಿದೆ. ಕೊಟ್ಟೆವು, ಹಗಲೆಲ್ಲ ನಿದ್ದೆಯಲ್ಲೇ ಹೋಯಿತು, ಬಿಡಿಸಿದರು. ಈಗ ಗೋಡೆ ಹಿಡಿದು ಒಲೆಯವರೆಗೆ ನಡೆಯುತ್ತಾರೆ. ಗೇಟಿಗೆ ಬೀಗ ಹಾಕಿದ್ದೇನೆ, ಅಡುಗೆಮನೆಗೆ ದೊಡ್ಡ ಬಲ್ಬು. ಅತಿಥಿಗಳು ಮುಸ್ಸಂಜೆಗೆ ಬರುತ್ತಾರೆ, ಕೆಲವೊಮ್ಮೆ ಇಬ್ಬರೇ. ಮುಟ್ಟದೆ ಬಿಟ್ಟ ಅವರ ಊಟವನ್ನು ನಾನೇ ಉಣ್ಣುತ್ತೇನೆ, ದಪ್ಪಗಾಗಿದ್ದೇನೆ. ನಿನ್ನ ಅಮ್ಮನನ್ನು ನಡೆಸಬೇಕೋ, ಅವರ ಕಣ್ಣನ್ನು ಕಾಯಬೇಕೋ, ಎರಡೂ ಒಟ್ಟಿಗೆ ನನ್ನಿಂದಾಗುತ್ತಿಲ್ಲ. ತಪ್ಪು ಮಾಡುತ್ತಿದ್ದರೆ ಹೇಳು, ಇಲ್ಲಿ ಕೇಳಲು ಯಾರೂ ಇಲ್ಲ.

ನೀನು ಕಳಿಸಿದ ಉಣ್ಣೆಯ ಕಾಲುಚೀಲ ಅವರಿಗೆ ಸರಿಯಾಗಿದೆ. ಅಗಾಫಿಯಾ ನಿನ್ನನ್ನು ವಿಚಾರಿಸಿದಳು. ದೇವಮಾತೆ ನಿನ್ನ ಬೆನ್ನನ್ನೂ ನಿನ್ನನ್ನೂ ಕಾಯಲಿ.

ನಿನ್ನ
ಪಂತೆಲೇಯ್

ಮರೆತ ಮಾತು: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಮೊನ್ನೆ ಭಾನುವಾರ ಅತ್ತೆ ನಿನ್ನೊಂದಿಗೆ ನಗುನಗುತ್ತಾ ಮಾತಾಡಿದರಲ್ಲ, ಫೋನ್ ನನ್ನ ಕೈಗಿಟ್ಟು "ಒಳ್ಳೇ ಹೆಂಗ್ಸು, ಯಾರದು?" ಎಂದರು. ಲಿದಿಯಾ ಎಂದೆ. ಆ ಹೆಸರಿನ ಮಗಳು ತಮಗೂ ಇದ್ದಾಳೆ, ಇನ್ನೂ ಸಣ್ಣವಳು ಎಂದರು. ಡಾಕ್ಟರಿಗೆ ಹೇಳಿದೆ, ಇದು ಗುಳಿಗೆಯದ್ದಲ್ಲ, ಕಾಯಿಲೆಯೇ ಮುಂದುವರಿದಿದೆ ಎಂದರು. ರಜೆ ಕೊಡದಿದ್ದರೂ ಬಾ.