ಹಿತ್ತಲ ಗೋಡೆಯಾಚೆಯ ಜಿಂಕೆಗಳು

ಅಲ್ ಕಾಮಿಲ್, ಒಮಾನ್
ಜನವರಿ 31, 2025, ಶುಕ್ರವಾರ

ಪ್ರೀತಿಯ ಅತ್ತೆಗೆ ಆಶಿತಾಳ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಹೊಸ ಮಾತ್ರೆಯನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಇದನ್ನು ನರ್ಸ್ ಆಗಿ ಹೇಳುತ್ತಿದ್ದೇನೆ, ಸೊಸೆಯಾಗಿ ಅಲ್ಲ. ನಾದಿನಿ ಯಶ್ಮಿತಾಳ ಮಗುವಿಗೆ ಹಲ್ಲು ಬಂತೆಂದು ಕೇಳಿ ಖುಷಿಯಾಯಿತು. ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದೆ, ನಿಜವಾಗಿ ಹೇಳುತ್ತಿರುವುದು ಈಗ. ನಮ್ಮ ಲ್ಯಾಬಿನ ನೊರ್ಬರ್ಟ್ ರಜೆಯಲ್ಲಿ ಮಂಗಳೂರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ, ಜೊತೆಗೆ ಹನ್ನೊಂದು ಫೋಟೋ ಕಳಿಸುತ್ತಿದ್ದೇನೆ. ಎಲ್ಲವನ್ನೂ ತೆಗೆದದ್ದು ನಿಮ್ಮ ಮಗ.

ಸೊಹಾರಿನ ಕಾರ್ಖಾನೆಯಲ್ಲಿ ಇವರ ಬಲಗೈಯ ಹೆಬ್ಬೆರಳೂ ಪಕ್ಕದ ಎರಡು ಬೆರಳುಗಳೂ ಹೋದ ಮೇಲಿನ ಕಥೆಯನ್ನು ನಿಮಗೆ ಪೂರ್ತಿ ಹೇಳಿರಲಿಲ್ಲ. ನನಗೆ ಈ ಊರಿನ ಆಸ್ಪತ್ರೆಗೆ ವರ್ಗವಾಗಿ ಬಂದೆವಲ್ಲ, ಅಂದಿನಿಂದ ಇವರು ಕೋಣೆ ಬಿಟ್ಟು ಬರುತ್ತಿರಲಿಲ್ಲ. ಬಂದರೂ ಬಲಗೈ ಕಿಸೆಯಲ್ಲೇ. ನನ್ನೆದುರು ಊಟಕ್ಕೂ ಕೂರುತ್ತಿರಲಿಲ್ಲ. ನಮ್ಮದು ಊರ ಕೊನೆಯ ಮನೆ. ಹಿತ್ತಲ ಗೋಡೆಯಾಚೆ ಬರೀ ಜಾಲಿ ಮರಗಳು, ಅದರಾಚೆ ಬೋಳು ಗುಡ್ಡ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ, ಮೂರು ಜಿಂಕೆಗಳು ಜಾಲಿಕಾಯಿ ಮೆಲ್ಲುತ್ತಿವೆ. ನಮ್ಮ ಕಡೆಯ ಚುಕ್ಕೆ ಜಿಂಕೆಯಂತಲ್ಲ ಅತ್ತೆ, ಆಡಿಗಿಂತ ಸಪೂರ, ಕಂದು ಮೈ, ಬಿಳಿ ಹೊಟ್ಟೆ. ನಿಂತಲ್ಲಿ ಬಾಲ ಮಾತ್ರ ಸುಮ್ಮನಿರುವುದಿಲ್ಲ. ಇವರನ್ನು ಕರೆದೆ. ಬಂದು ನೋಡಿದರು. ಮರುದಿನ ನಾನು ಏಳುವ ಮೊದಲೇ ಕಿಟಕಿಯ ಬಳಿ ನಿಂತಿದ್ದರು. ಆ ವಾರ ನಮ್ಮ ಹಳೆಯ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಗೆ ಬಂತು. ಅದರ ಗುಂಡಿ ಇರುವುದು ಬಲಗಡೆ. ಇವರು ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಗೋಡೆಯ ಮೇಲೆ ಕುಚ್ಚಲಕ್ಕಿ ತುಂಬಿದ ಚೀಲಕ್ಕೆ ಒರಗಿಸಿ, ಎಡ ಹೆಬ್ಬೆರಳಿನಿಂದ ಒತ್ತಲು ಕಲಿತರು. ಮೊದಮೊದಲು ಬರೀ ಧೂಳು, ಇಲ್ಲವೇ ಓಡುವ ಜಿಂಕೆಯ ಹಿಂಭಾಗ. ನಾನು ನಕ್ಕುಬಿಟ್ಟೆ, ಇವರೂ ನಕ್ಕರು.

ಪಕ್ಕದ ಮನೆಯಲ್ಲಿ ಬೀಬಿ ಎಂಬ ಒಮಾನಿ ಅಜ್ಜಿ ಇದ್ದಾರೆ. ತಮ್ಮ ಆಡುಗಳಿಗೆಂದು ಬೆಳೆಸಿದ ಹುಲ್ಲಿನ ಸುತ್ತ ಹಳೆಯ ಮೀನಿನ ಬಲೆ ಕಟ್ಟಿದ್ದಾರೆ. ಸೋಮವಾರ ನಾನು ಡ್ಯೂಟಿಯಲ್ಲಿದ್ದಾಗ ಜಿಂಕೆ ಮರಿಯೊಂದು ಅದಕ್ಕೆ ಸಿಕ್ಕಿಕೊಂಡಿತಂತೆ. ತಾಯಿ ದೂರದಲ್ಲಿ ನಿಂತು ಕಾಲು ಬಡಿಯುತ್ತಿತ್ತಂತೆ. ಇವರು ಕತ್ತರಿ ಹಿಡಿದು ಓಡಿದರು. ಬೀಬಿ ತಮ್ಮ ಶಾಲನ್ನು ಮರಿಯ ಮುಖಕ್ಕೆ ಹೊದಿಸಿ ಅದನ್ನು ಒತ್ತಿ ಹಿಡಿದರು. ಒಂದೇ ಕೈಗೆ ಬಲೆ ಜಾರುತ್ತಿತ್ತು. "ಕಿಸೆಯಿಂದ ಆ ಕೈಯನ್ನೂ ತೆಗೆ. ಯಲ್ಲಾ, ಬೇಗ" ಎಂದರಂತೆ ಬೀಬಿ, ಅವರ ಅರ್ಧಂಬರ್ಧ ಹಿಂದಿಯಲ್ಲಿ. ಒಂದು ವರ್ಷದಿಂದ ಯಾರಿಗೂ ತೋರಿಸದ ಕೈಯನ್ನು ಇವರು ಹೊರಗೆ ತೆಗೆದು, ಉಳಿದ ಎರಡು ಬೆರಳಿನಲ್ಲಿ ಬಲೆ ಎತ್ತಿ ಹಿಡಿದು, ಎಡಗೈಯಿಂದ ಎಳೆ ಎಳೆಯಾಗಿ ಕತ್ತರಿಸಿದರು. ಬೀಬಿ ಕೈಯನ್ನು ನೋಡಿದರಂತೆ. "ಶುವಯ್ಯ, ಶುವಯ್ಯ," ನಿಧಾನ, ನಿಧಾನ ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲವಂತೆ. ಮರಿ ಬಿಡಿಸಿಕೊಂಡು ತಾಯಿಯತ್ತ ಹಾರಿತು.

ಇದನ್ನು ಹೇಳಲು ಇವರು ಮನೆಯ ಚಪ್ಪಲಿಯಲ್ಲೇ ಆಸ್ಪತ್ರೆಗೆ ನಡೆದು ಬಂದರು. ರೋಗಿಗಳ ನಡುವೆ ನಿಂತು, ಎರಡೂ ಕೈ ಆಡಿಸುತ್ತಾ ಹೇಳಿದರು. ಫೋಟೋ ಎಲ್ಲಿ ಎಂದು ಕೇಳಿದೆ. "ಎಲ್ಲಿಂದ ಮಾರಾಯ್ತಿ, ಎರಡೂ ಕೈಗೆ ಕೆಲಸ ಇತ್ತಲ್ಲ" ಎಂದರು. ನಾನು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಬೀಬಿಗೆ ಗೋಳಿಬಜೆ ಮಾಡಿ ಕೊಟ್ಟೆ. ಜಿಂಕೆಗಳಿಗೆ ಏನು ಕೊಡಲಿ ಎಂದು ಅಜ್ಜಿಯನ್ನೇ ಕೇಳಿದ್ದಕ್ಕೆ, ಏನೂ ಕೊಡಬೇಡ, ಹತ್ತಿರ ಹೋಗಬೇಡ, ಅದೇ ಕೊಟ್ಟಂತೆ ಎಂದರು. ಹಾಗಾಗಿ ದಿನವೂ ಗೋಡೆಯ ಈಚೆಯಿಂದಲೇ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

ಮಾವನವರಿಗೆ ನಮಸ್ಕಾರ ತಿಳಿಸಿ. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿಮ್ಮ ಸೊಸೆ,
ಆಶಿತಾ

ಮತ್ತೊಂದು ಮಾತು, ನೊರ್ಬರ್ಟ್ ಹೊರಗೆ ಹಾರ್ನ್ ಹಾಕುತ್ತಿದ್ದಾರೆ. ಫೆಬ್ರವರಿ ಇಪ್ಪತ್ತಕ್ಕೆ ಇವರು ನಿಮ್ಮನ್ನು ನೋಡಲು ಬರುತ್ತಿದ್ದಾರೆ. ಹೇಳಬೇಡ ಎಂದಿದ್ದರು, ತಡೆಯಲಾಗಲಿಲ್ಲ. ಕೈ ಕಂಡೂ ಕಾಣದ ಹಾಗೆ ಮಾತ್ರ ಇರಬೇಡಿ ಅತ್ತೆ. ಬಂದ ಕೂಡಲೇ ಅದನ್ನೇ ಹಿಡಿದುಕೊಳ್ಳಿ.